ಮಂಜು ಅಂದ್ರೆ ಯಾವ ಮಂಜು ಸ್ವಾಮಿ?

ಹವಾಮಾನದ ಪದಕೋಶ ಡಿಜಿಟಲ್ ಮಾಡ್ಕೊಡಿ ಅಂತ ಬರೋರು ಮೊದ್ಲು ಕೇಳೋದೇ ಇದು, "ಸಾರ್, ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕಿದ್ರೆ ಆಯ್ತಲ್ವಾ?" ಆಗಲ್ಲ. ಅದು ಪುಸ್ತಕದ ಫೋಟೋ ಅಷ್ಟೇ.

ಬಸವನಗುಡಿಯ ಪುಟ್ಟ ಆಫೀಸಲ್ಲಿ ಕೂತು ನಾನು ಮಾಡೋ ಕೆಲಸ ಇಂಥ ಪದಕೋಶಗಳನ್ನ ಹುಡುಕೋ ಹಾಗೆ ಡಿಜಿಟಲ್ ಮಾಡೋದು. ಒಂದ್ಸಲ ಹಳೇ ಪದಕೋಶ ಪೂರ್ತಿ ಓಸಿಆರ್ ಮಾಡಿ (ಅಂದ್ರೆ ಫೋಟೋದಲ್ಲಿರೋ ಅಕ್ಷರಗಳನ್ನ ಕಂಪ್ಯೂಟರ್ ಕೈಲೇ ಓದಿಸಿ), ಮುಗೀತಪ್ಪಾ ಅಂತ ಕಾಫಿ ಕುಡಿದು ಬಂದು 'ಚಂಡಮಾರುತ' ಸರ್ಚ್ ಕೊಟ್ರೆ ಒಂದೂ ಸಿಗ್ಲಿಲ್ಲ, ಸ್ಕ್ರೀನ್ ಮೇಲೆ ಕಣ್ಣೆದುರಿಗೇ ಕಾಣ್ತಿದೆ ಆದ್ರೂ ಸಿಗಲ್ಲ! ನೋಡಿದ್ರೆ 'ಚ' ಪಕ್ಕ ಅನುಸ್ವಾರದ ಬದ್ಲು ಕನ್ನಡದ ಸೊನ್ನೆ ಅಂಕಿ ಕೂತಿದೆ. ನಮ್ಮ ಕಣ್ಣಿಗೆ ಎರಡೂ ದುಂಡಗೇ, ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯುನಿಕೋಡ್‌ಗೆ ಬೇರೆ ಬೇರೆ. ಅದೇ ಪುಸ್ತಕದಲ್ಲಿ 64.5ರ ಚುಕ್ಕೆ ಮಾಯವಾಗಿ 645 ಆಗಿತ್ತು. ಐಎಂಡಿ (ಭಾರತೀಯ ಹವಾಮಾನ ಇಲಾಖೆ) ಲೆಕ್ಕದಲ್ಲಿ 24 ಗಂಟೇಲಿ 64.5ರಿಂದ 115.5 ಮಿಮೀ ಬಿದ್ರೆ ಭಾರಿ ಮಳೆ. 645 ಅಂದ್ರೆ ಬೆಂಗಳೂರಿಗೆ ಇಡೀ ವರ್ಷ ಬೀಳೋದ್ರಲ್ಲಿ ಅರ್ಧಕ್ಕಿಂತ ಜಾಸ್ತಿ.

ಇದೆಲ್ಲ ತಿದ್ದಬಹುದು ಬಿಡಿ. ನಿಜವಾದ ತಲೆನೋವು 'ಮಂಜು'. ಒಂದು ಕಿಲೋಮೀಟರ್ ಒಳಗಿರೋದೂ ಸರಿಯಾಗಿ ಕಾಣದಿದ್ರೆ ಫಾಗ್, ಅದಕ್ಕಿಂತ ದೂರ ಕಂಡ್ರೆ ಮಿಸ್ಟ್, ವಿಮಾನ ಇಳಿಸೋರಿಗೆ ಈ ವ್ಯತ್ಯಾಸ ತುಂಬಾ ಮುಖ್ಯ, ನಮಗೆ ಮಾತ್ರ ಎರಡೂ ಮಂಜೇ. ಹುಲ್ಲಿನ ಮೇಲಿನ ಇಬ್ಬನಿಗೂ ಎಷ್ಟೋ ಊರಲ್ಲಿ ಮಂಜು ಅಂತಾರೆ, ಕಾಶ್ಮೀರದಲ್ಲಿ ಬೀಳೋದೂ ಮಂಜು. ಪುಸ್ತಕದಲ್ಲಿ ಇದನ್ನ ಒಂದೇ ಪದದ ಕೆಳಗೆ 1, 2, 3 ಅಂತ ತುರುಕಿರ್ತಾರೆ, ಮೇಲಿಂದ 'ಕಾವಳ – ಮಂಜು ನೋಡಿ', ಅಲ್ಲಿಗೆ ಹೋದ್ರೆ 'ಮಂಜು – ಕಾವಳ ನೋಡಿ'! ಹಾಗಾಗಿ ನಾನು ಪದಕ್ಕೆ ನಂಬರ್ ಕೊಡಲ್ಲ, ಅರ್ಥಕ್ಕೆ ಕೊಡ್ತೀನಿ. ಫಾಗ್‌ಗೆ ಒಂದು ರೆಕಾರ್ಡ್, ಇಬ್ಬನಿಗೆ ಇನ್ನೊಂದು, 'ಮಂಜು' ಅನ್ನೋದು ಅಷ್ಟೂ ಕಡೆ ಅಂಟಿಕೊಂಡಿರೋ ಹೆಸರು ಮಾತ್ರ. ಸರ್ಚ್ ಮಾಡಿದವರಿಗೆ ಎಲ್ಲವೂ ಕಾಣ್ಬೇಕು, ಯಾವುದು ಬೇಕೋ ಅವರೇ ಆರಿಸ್ಕೋತಾರೆ.

ಜೊತೆಗೆ ವರ್ಷ ಹಾಕಲೇಬೇಕು, ವ್ಯಾಖ್ಯೆ ಬದಲಾಗ್ತಾ ಇರುತ್ತೆ. ಐಎಂಡಿ 2016ರಲ್ಲಿ ಮುಂಗಾರಿನ ಲೆಕ್ಕಕ್ಕೆ 'ಡ್ರಾಟ್' (ಬರ) ಪದ ಬಿಟ್ಟು 'ಡೆಫಿಷಿಯೆಂಟ್' (ಕೊರತೆ) ಅಂದಿದ್ದು ನೆನಪಿರಬಹುದು. ವಿಶ್ವ ಹವಾಮಾನ ಸಂಸ್ಥೆಯ ಮೋಡಗಳ ಅಟ್ಲಾಸ್ 2017ರಲ್ಲಿ ವೆಬ್‌ಗೆ ಬಂದಾಗ ಆಸ್ಪೆರಿಟಾಸ್ (ಅಲೆಅಲೆಯಾಗಿ ಕಾಣೋ ಮೋಡ) ಥರದ ಹೊಸ ಹೆಸರುಗಳೂ ಬಂದ್ವು. ಅಮೆರಿಕದ ಹವಾಮಾನ ಸಂಘದವರ ಪದಕೋಶ 1959ರಲ್ಲಿ ಅಚ್ಚಾಗಿ, ಎರಡನೇ ಆವೃತ್ತಿಗೆ 2000ದವರೆಗೆ ಕಾಯ್ಬೇಕಾಯ್ತು. ಈಗ ಆನ್‌ಲೈನಲ್ಲೇ ಒಂದೊಂದೇ ಪದ ತಿದ್ದುತ್ತಾರೆ, ನಲವತ್ತು ವರ್ಷ ಕಾಯೋ ಕರ್ಮ ಇಲ್ಲ.

ಮೊನ್ನೆ ನಮ್ಮ ಹುಡುಗ 'ಹದ ಮಳೆ' ಎಂಟ್ರಿ ಮಾಡ್ತಾ, "ಸಾರ್, ಇದಕ್ಕೆ ಎಷ್ಟು ಮಿಲಿಮೀಟರ್ ಹಾಕ್ಲಿ?" ಅಂದ. ಕೆಂಪು ಮಣ್ಣಿಗೆ ಹದ ಆಗೋ ಮಳೆ ಕಪ್ಪು ಮಣ್ಣಿಗೆ ಸಾಲಲ್ಲ ಕಣಪ್ಪಾ, ಆ ಕಾಲಂ ಖಾಲಿ ಬಿಡು, ಪಕ್ಕದಲ್ಲಿ ಮಣ್ಣಿಗೊಂದು ಕಾಲಂ ಮಾಡು ಅಂದೆ.