ಪತ್ತೇದಾರಿ ಕಥೆಯ ಲಾಟ್ವಿಯನ್ನರು, 1928ರ ಲಾಟ್ವಿಯಾ

ಹಳೇ ಕಾಲದ ಪತ್ತೇದಾರಿ ಧಾರಾವಾಹಿ ಬರೆಯುವವರಿಗೆ ಪ್ರತಿ ಎಪಿಸೋಡಿಗೂ ಒಂದು ಹೊಸ ಲೋಕ ಬೇಕು. ಒಮ್ಮೆ ಸರ್ಕಸ್, ಒಮ್ಮೆ ನಾಟಕ ಕಂಪನಿ, ಒಮ್ಮೆ ಬಂದರು. ಪತ್ತೇದಾರರು ಅದರೊಳಗೆ ಹೊಕ್ಕಬೇಕು, ಅಲ್ಲಿನವರು ಏನನ್ನೋ ಮುಚ್ಚಿಡಬೇಕು, ಒಂದು ಗಂಟೆಯೊಳಗೆ ಗುಟ್ಟು ರಟ್ಟಾಗಬೇಕು. ಆಸ್ಟ್ರೇಲಿಯಾದ ಎಬಿಸಿ ವಾಹಿನಿಯಲ್ಲಿ 2012ರಲ್ಲಿ ಶುರುವಾದ 'ಮಿಸ್ ಫಿಶರ್ಸ್ ಮರ್ಡರ್ ಮಿಸ್ಟರೀಸ್' ಇಂಥದ್ದೇ ಸರಣಿ. ಕೆರಿ ಗ್ರೀನ್‌ವುಡ್ ಅವರ ಕಾದಂಬರಿಗಳನ್ನು ಆಧರಿಸಿದ್ದು. ಊರು ಮೆಲ್ಬರ್ನ್, ಕಾಲ 1928ರ ಸುಮಾರು. ಮೊದಲ ಸೀಸನ್ನಿನ 'ಡೆತ್ ಅಟ್ ವಿಕ್ಟೋರಿಯಾ ಡಾಕ್' ಎಪಿಸೋಡಿನಲ್ಲಿ ಆ ಹೊಸ ಲೋಕ ಲಾಟ್ವಿಯನ್ನರದು, ಅಂದರೆ ಯುರೋಪಿನ ಬಾಲ್ಟಿಕ್ ಸಮುದ್ರದ ದಂಡೆಯ ಪುಟ್ಟ ದೇಶ ಲಾಟ್ವಿಯಾದವರದು. ಬಂದರಿನ ಹತ್ತಿರ ಗುಂಡೇಟು ತಿಂದ ಯುವಕನೊಬ್ಬ ನಾಯಕಿಯ ಕಣ್ಣೆದುರೇ ಸಾಯುತ್ತಾನೆ. ಅವನು ಯಾರು ಅಂತ ಹುಡುಕಿಕೊಂಡು ಹೊರಟರೆ ಲಾಟ್ವಿಯನ್ ಅನಾರ್ಕಿಸ್ಟರ ಗುಂಪು ಸಿಗುತ್ತದೆ. ಸರ್ಕಾರವೇ ಬೇಡ, ಅಧಿಕಾರವೇ ಬೇಡ ಎನ್ನುವ ಕ್ರಾಂತಿಕಾರಿಗಳು.

ಧಾರಾವಾಹಿಗಳ ಸ್ಕ್ರಿಪ್ಟ್ ಓದಿ ತಿದ್ದುವುದು ನನ್ನ ಕೆಲಸ. ಇಂಥ ಕಥೆ ಮುಂದೆ ಬಂದಾಗ ನಾನು ಮೊದಲು ಹುಡುಕುವುದು ಎರಡು ವಿಷಯ. ಈ ಜನರ ಬಗ್ಗೆ ಈ ಚಿತ್ರ ಎಲ್ಲಿಂದ ಬಂತು? ಕಥೆ ನಡೆಯುವ ವರ್ಷದಲ್ಲಿ ಅದು ನಿಜವಾಗಿತ್ತಾ? ನೋಡುವವರಲ್ಲಿ ಎಷ್ಟೋ ಜನಕ್ಕೆ ಟಿವಿಯಲ್ಲಿ ಸಿಕ್ಕ ಮೊದಲ ಲಾಟ್ವಿಯನ್ ಇವನೇ ಆಗಿರುತ್ತಾನೆ. ಅವರ ಮಟ್ಟಿಗೆ ಲಾಟ್ವಿಯನ್ ಅಂದರೆ ಇವನೇ. ಹಾಗಾಗಿ ಬರೆದವರ ಹೊಣೆ ಜಾಸ್ತಿ.

ಚಿತ್ರ ಬಂದಿದ್ದು ಲಂಡನ್ನಿನಿಂದ. 1910ರ ಡಿಸೆಂಬರ್ 16, ಶುಕ್ರವಾರ ರಾತ್ರಿ. ಲಂಡನ್ನಿನ ಹೌಂಡ್ಸ್‌ಡಿಚ್ ಬೀದಿಯಲ್ಲಿ ಒಂದು ಒಡವೆ ಅಂಗಡಿ. ಬಾಗಿಲು ಹಾಕಿದ ಅಂಗಡಿಯ ಕಡೆಯಿಂದ ಗೋಡೆ ಕೊರೆಯುವ ಸದ್ದು ಪಕ್ಕದವರಿಗೆ ಕೇಳಿಸಿತು. ದೂರು ಬಂತು, ಪೊಲೀಸರು ಹೋದರು. ಹಿಂದಿನ ಮನೆಯಿಂದ ಗೋಡೆ ಒಡೆಯುತ್ತಿದ್ದವರು ಗುಂಡು ಹಾರಿಸಿದರು. ಅವರಲ್ಲಿ ಹೆಚ್ಚಿನವರು ಲಾಟ್ವಿಯಾದ ಕಡೆಯಿಂದ ಓಡಿಬಂದಿದ್ದ ಕ್ರಾಂತಿಕಾರಿಗಳು. ಪೊಲೀಸರಲ್ಲಿ ಮೂವರು ಸತ್ತರು. ಆ ಗಲಾಟೆಯಲ್ಲಿ ಕಳ್ಳರಲ್ಲೇ ಒಬ್ಬ, ಗಾರ್ಡ್‌ಸ್ಟೈನ್ ಎಂಬುವನು, ತನ್ನವರದೇ ಗುಂಡು ತಾಗಿ ಸತ್ತ. 1911ರ ಜನವರಿ 3ರಂದು ಸಿಡ್ನಿ ಸ್ಟ್ರೀಟಿನ ಒಂದು ಮನೆಯಲ್ಲಿ ಆ ಗುಂಪಿನ ಇಬ್ಬರು ಅಡಗಿದ್ದಾರೆ ಅಂತ ಗೊತ್ತಾಗಿ ಪೊಲೀಸರು ಮುತ್ತಿಗೆ ಹಾಕಿದರು. ಸೈನಿಕರನ್ನೂ ಕರೆಸಿದರು. ಗಂಟೆಗಟ್ಟಲೆ ಗುಂಡಿನ ಚಕಮಕಿ. ಆಗ ಗೃಹ ಸಚಿವರಾಗಿದ್ದ ವಿನ್‌ಸ್ಟನ್ ಚರ್ಚಿಲ್ ಖುದ್ದಾಗಿ ಬಂದು ನಿಂತರು. ಮನೆಗೆ ಬೆಂಕಿ ಹತ್ತಿತು, ಒಳಗಿದ್ದ ಇಬ್ಬರೂ ಸತ್ತರು. ಇದೆಲ್ಲ ಸಿನಿಮಾ ಕ್ಯಾಮೆರಾಗಳ ಎದುರೇ ನಡೆಯಿತು. ನ್ಯೂಸ್‌ರೀಲ್ ಆಗಿ ಚಿತ್ರಮಂದಿರಗಳಿಗೂ ಹೋಯಿತು.

ಈ ಗುಂಪಿಗೆ ಸೇರಿದವನು ಅಂತ ಪೊಲೀಸರು ಹುಡುಕಿದ ಇನ್ನೊಬ್ಬನಿದ್ದ. ಪತ್ರಿಕೆಗಳು ಅವನನ್ನು 'ಪೀಟರ್ ದ ಪೇಂಟರ್' ಅಂತ ಕರೆದವು. ಅವನ ಫೋಟೋ ಇದ್ದ ಪೋಸ್ಟರುಗಳನ್ನು ಊರೆಲ್ಲ ಹಚ್ಚಿದರು. ಅವನು ಕೊನೆಗೂ ಸಿಗಲಿಲ್ಲ. ಅವನು ನಿಜವಾಗಿ ಯಾರು ಅನ್ನುವ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಕಥೆ ಬರೆಯುವವರಿಗೆ ಇದಕ್ಕಿಂತ ಬೇರೇನು ಬೇಕು? 1934ರಲ್ಲೇ ಹಿಚ್‌ಕಾಕ್ ತಮ್ಮ ಒಂದು ಸಿನಿಮಾದ ಕೊನೆಯ ಹೋರಾಟಕ್ಕೆ ಸಿಡ್ನಿ ಸ್ಟ್ರೀಟಿನ ಮುತ್ತಿಗೆಯನ್ನು ಬಳಸಿಕೊಂಡರು. ಗ್ರೀನ್‌ವುಡ್ ಅವರ ಕಾದಂಬರಿಯಲ್ಲೂ ಈ ಪೀಟರನ ನೆರಳಿದೆ. ಲಂಡನ್ನಿನ ನೆರಳನ್ನು ಹದಿನೇಳು ವರ್ಷ ಮುಂದಕ್ಕೆ, ಭೂಮಿಯ ಇನ್ನೊಂದು ತುದಿಗೆ ತಂದಿದ್ದಾರೆ.

ಇದು ಸುಮ್ನೆ ಕಟ್ಟಿದ ಕಥೆಯಲ್ಲ, ಅದನ್ನು ಒಪ್ಪಲೇಬೇಕು. ಆ ಕಾಲದ ಕ್ರಾಂತಿಕಾರಿಗಳು ಹೋರಾಟಕ್ಕೆ ದುಡ್ಡು ಹೊಂದಿಸಲು ಬ್ಯಾಂಕ್ ದೋಚಿದ್ದೂ ಉಂಟು. 1906ರಲ್ಲಿ ಹೆಲ್ಸಿಂಕಿಯಲ್ಲಿ ರಷ್ಯಾ ಸರ್ಕಾರಿ ಬ್ಯಾಂಕಿನ ಶಾಖೆಯನ್ನು ಲೂಟಿ ಮಾಡಿದವರು ಲಾಟ್ವಿಯನ್ನರೇ. ಸಾವಿನ ದೃಶ್ಯಕ್ಕೆ ಸಿಕ್ಕ ಮರುಕವೂ ನನಗೆ ಹಿಡಿಸಿತು. ಸತ್ತವನು ಬರೀ ಹೆಣವಾಗಿ ಬಿದ್ದಿರುವುದಿಲ್ಲ, ಅವನಿಗೆ ನ್ಯಾಯ ಸಿಗಬೇಕು ಅಂತ ನಾಯಕಿ ಹಟ ಹಿಡಿಯುತ್ತಾಳೆ. ಪರದೇಶದವನ ಸಾವಿಗೆ ಅಷ್ಟು ತೂಕ ಕೊಡುವ ಪತ್ತೇದಾರಿ ಕಥೆಗಳು ಕಡಿಮೆ.

ಆದರೆ ಈ ಜನ ಹೀಗೇಕಾದರು ಅನ್ನುವುದಕ್ಕೆ ಒಂದು ಗಂಟೆಯ ಎಪಿಸೋಡಿನಲ್ಲಿ ಜಾಗ ಸಾಲುವುದಿಲ್ಲ. ಅದಕ್ಕೆ 1905ಕ್ಕೆ ಹೋಗಬೇಕು. ಆಗ ಲಾಟ್ವಿಯಾ ಎಂಬ ದೇಶ ಇರಲಿಲ್ಲ. ಆಳ್ವಿಕೆ ರಷ್ಯಾದ ಝಾರ್ ದೊರೆಯದು, ಭೂಮಿ ಜರ್ಮನ್ ಜಮೀನ್ದಾರರದು, ಉಳುವವರು ಲಾಟ್ವಿಯನ್ನರು. ಹಳೆಯ ರಷ್ಯನ್ ಪಂಚಾಂಗದ ಪ್ರಕಾರ ಜನವರಿ 13ರಂದು ರೀಗಾ ನಗರದಲ್ಲಿ ಕಾರ್ಮಿಕರು ಮೆರವಣಿಗೆ ಹೊರಟರು. ಡೌಗಾವ ನದಿಯ ದಂಡೆಯಲ್ಲಿ, ರೈಲು ಸೇತುವೆಯ ಹತ್ತಿರ, ಸೈನಿಕರು ಗುಂಡು ಹಾರಿಸಿದರು. ತಪ್ಪಿಸಿಕೊಳ್ಳಲು ಜನ ಹೆಪ್ಪುಗಟ್ಟಿದ ನದಿಯ ಮೇಲೆ ಓಡಿದರು. ಮಂಜುಗಡ್ಡೆ ಒಡೆದು ಎಷ್ಟೋ ಜನ ಮುಳುಗಿದರು. ಸುಮಾರು 70 ಜನ ಸತ್ತರು. ಆಮೇಲೆ ಹಳ್ಳಿಗಳೂ ಎದ್ದವು. ಜಮೀನ್ದಾರರ ನೂರಾರು ಬಂಗಲೆಗಳಿಗೆ ಬೆಂಕಿ ಬಿತ್ತು. ಅದಕ್ಕೆ ಪ್ರತಿಯಾಗಿ ಸೈನ್ಯ ಹಳ್ಳಿ ಹಳ್ಳಿಗೆ ನುಗ್ಗಿತು. ವಿಚಾರಣೆಯೂ ಇಲ್ಲದೆ ಜನರನ್ನು ಗುಂಡಿಟ್ಟು ಕೊಂದರು. ಸಾವಿರಾರು ಜನ ಊರು ಬಿಟ್ಟು ಓಡಿದರು. ಲಂಡನ್ನಿನ ಈಸ್ಟ್ ಎಂಡಿಗೆ ಬಂದು ಸೇರಿದ ಲಾಟ್ವಿಯನ್ನರಲ್ಲಿ ಅನೇಕರು ಈ ಗಾಯ ಹೊತ್ತು ಬಂದವರು.

ನನಗೆ ಮುಖ್ಯ ಅನ್ನಿಸುವುದು ಇಲ್ಲಿಂದ ಮುಂದಿನದು. ಅದೇ 1905ರ ಹೊಡೆತಕ್ಕೆ ಊರು ಬಿಟ್ಟವರಲ್ಲಿ ಕವಿ ರೈನಿಸ್ ಒಬ್ಬರು. ಅವರ ಹೆಂಡತಿ ಆಸ್ಪಾಝಿಯಾ ಕೂಡ ದೊಡ್ಡ ಕವಯಿತ್ರಿ. ಇಬ್ಬರೂ ಸ್ವಿಟ್ಜರ್ಲೆಂಡಿನಲ್ಲಿ ದೇಶಭ್ರಷ್ಟರಾಗಿ ಬದುಕಿ, ಸ್ವತಂತ್ರ ಲಾಟ್ವಿಯಾಕ್ಕೆ 1920ರಲ್ಲಿ ಮರಳಿದರು. ರೈನಿಸ್ ಮುಂದೆ ಶಿಕ್ಷಣ ಮಂತ್ರಿಯೂ ಆದರು. ಕಾರ್ಲಿಸ್ ಉಲ್ಮನಿಸ್ ಇನ್ನೊಬ್ಬರು. ಜೈಲು ಕಂಡು, ಅಮೆರಿಕಕ್ಕೆ ಹೋಗಿ, ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಕೃಷಿ ಓದಿ, ಅಲ್ಲೇ ಪಾಠವನ್ನೂ ಮಾಡಿದ ಮನುಷ್ಯ. 1918ರ ನವೆಂಬರ್ 18ರಂದು ಲಾಟ್ವಿಯಾ ಸ್ವಾತಂತ್ರ್ಯ ಘೋಷಿಸಿದಾಗ ಮೊದಲ ಪ್ರಧಾನಿ ಅವರೇ. 1934ರಲ್ಲಿ ಅವರೇ ಸಂಸತ್ತನ್ನು ಮುಚ್ಚಿ ಸರ್ವಾಧಿಕಾರಿಯಾದರು ಅನ್ನುವುದೂ ನಿಜ. ಹೌಂಡ್ಸ್‌ಡಿಚ್ ಪ್ರಕರಣದಲ್ಲಿ ವಿಚಾರಣೆ ಎದುರಿಸಿ ಖುಲಾಸೆಯಾದ ಜೇಕಬ್ ಪೀಟರ್ಸ್ ರಷ್ಯಾಕ್ಕೆ ಹೋಗಿ ಬೊಲ್ಶೆವಿಕರ, ಅಂದರೆ ಅಲ್ಲಿನ ಕಮ್ಯುನಿಸ್ಟರ, ಗುಪ್ತ ಪೊಲೀಸ್ ಪಡೆಯ ದೊಡ್ಡ ಅಧಿಕಾರಿಯಾದ. 1938ರಲ್ಲಿ ಸ್ಟಾಲಿನ್ ಆಡಳಿತವೇ ಅವನನ್ನು ಗುಂಡಿಟ್ಟು ಕೊಂದಿತು. ಒಂದೇ ದಂಗೆಯಿಂದ ಹೊರಟ ದಾರಿಗಳು ಇವು. ಟಿವಿಗೆ ಸಿಕ್ಕಿದ್ದು ಮಾತ್ರ ಬಂದೂಕು ಹಿಡಿದವನ ದಾರಿ.

ಈಗ ಇಸವಿಯ ಮಾತಿಗೆ ಬರೋಣ. 1928ರ ಲಾಟ್ವಿಯನ್ನನ ಕೈಗೆ ಬಂದೂಕು ಕೊಡುವ ಬರಹಗಾರರಿಗೆ ನಾನು ಕೇಳುವ ಪ್ರಶ್ನೆ ಒಂದೇ. ಅವನ ಸಿಟ್ಟು ಯಾರ ಮೇಲೆ? ಝಾರ್ ಹೋಗಿ ಹನ್ನೊಂದು ವರ್ಷ ಆಗಿದೆ. ಲಾಟ್ವಿಯಾಕ್ಕೆ 1922ರಿಂದ ತನ್ನದೇ ಸಂವಿಧಾನವಿದೆ, ಚುನಾಯಿತ ಸಂಸತ್ತಿದೆ, ಹೆಂಗಸರಿಗೆ ಮತದ ಹಕ್ಕಿದೆ. 1920ರ ಭೂಸುಧಾರಣೆ ಜರ್ಮನ್ ಜಮೀನ್ದಾರರ ಎಸ್ಟೇಟುಗಳನ್ನು ಒಡೆದು ರೈತರಿಗೆ ಹಂಚಿದೆ. ಅಂದರೆ 1905ರಲ್ಲಿ ಯಾವುದಕ್ಕಾಗಿ ಬಂಗಲೆ ಸುಟ್ಟರೋ ಅದು ಬಹುಮಟ್ಟಿಗೆ ಕಾನೂನಾಗಿ ಬಂದಿದೆ. ಕಥೆಗೆ ಬೇಕಾದ ಸಿಟ್ಟು ಸಿಗುವುದೇ ಇಲ್ಲ ಅಂತಲ್ಲ. ಸೋವಿಯತ್ ರಷ್ಯಾದಲ್ಲಿ ಅನಾರ್ಕಿಸ್ಟರನ್ನು ಜೈಲಿಗೆ ತಳ್ಳುತ್ತಿದ್ದರು, ಅಲ್ಲಿ ಸಿಲುಕಿದ ಅಣ್ಣನೊಬ್ಬ ಇರಬಹುದು. ಆದರೆ ಆ ಉತ್ತರ ಪಾತ್ರದ ಬಾಯಲ್ಲಿ ಬರಬೇಕು. ಬರದೇ ಇದ್ದರೆ ಅವನು 1911ರವನಾಗಿಯೇ ಉಳಿಯುತ್ತಾನೆ. ಅವನ ಕೋಟು, ಟೋಪಿ ಮಾತ್ರ 1928ರದ್ದು.

ಇನ್ನೊಂದು ಲೆಕ್ಕವೂ ಇದೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಆ ನೆಲದಲ್ಲಿ ಸುಮಾರು 25 ಲಕ್ಷ ಜನರಿದ್ದರು. 1920ರಲ್ಲಿ ಉಳಿದವರು ಸುಮಾರು 16 ಲಕ್ಷ. ಯುದ್ಧರಂಗ ಆ ನಾಡಿನ ನಡುವೆಯೇ ಹಾದುಹೋಗಿತ್ತು, ಲಕ್ಷಾಂತರ ಜನ ನಿರಾಶ್ರಿತರಾಗಿ ರಷ್ಯಾದ ಒಳನಾಡಿಗೆ ಹೋಗಿದ್ದರು. 1928ರಲ್ಲಿ ಮೆಲ್ಬರ್ನಿನ ಬಂದರಿನಲ್ಲಿ ಇಳಿದ ಲಾಟ್ವಿಯನ್ ಹೆಂಗಸನ್ನು ಮಾತಾಡಿಸಿದರೆ, ಅವಳ ಮನಸ್ಸಲ್ಲಿ ಕ್ರಾಂತಿಗಿಂತ ಮೊದಲು ಆ ಯುದ್ಧ ಇರುತ್ತದೆ, ಅಲ್ವಾ? ಇಷ್ಟು ದೊಡ್ಡ ನೋವು ಒಂದೇ ಒಂದು ಡೈಲಾಗಿನಲ್ಲಿ ಬಂದರೂ ಸಾಕು, ಆ ಪಾತ್ರಕ್ಕೆ ಜೀವ ಬರುತ್ತದೆ.

ಮೆಲ್ಬರ್ನಿನ ಕಡೆಯ ವಿಷಯವೂ ಕಥೆಗಿಂತ ಬಿಗಿಯಾಗಿದೆ. 1928ರಲ್ಲಿ ಅಲ್ಲಿನ ಬಂದರು ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದರು. ನವೆಂಬರ್ 2ರಂದು ಪ್ರಿನ್ಸಸ್ ಪಿಯರ್ ಎಂಬ ಹಡಗುಕಟ್ಟೆಯಲ್ಲಿ ಪೊಲೀಸರು ಗುಂಡು ಹಾರಿಸಿದರು. ಮೊದಲ ಮಹಾಯುದ್ಧದಲ್ಲಿ ಗಲ್ಲಿಪೊಲಿಯಲ್ಲಿ ಹೋರಾಡಿ ಬಂದಿದ್ದ ಅಲನ್ ವಿಟೇಕರ್ ಎಂಬ ಕಾರ್ಮಿಕ ಆ ಗಾಯದಿಂದಲೇ ಮುಂದಿನ ಜನವರಿಯಲ್ಲಿ ಸತ್ತ. ಅಂದರೆ ಆ ವರ್ಷ ಆ ಬಂದರಿನಲ್ಲಿ ಗುಂಡಿನ ಸದ್ದು ಕೇಳಿಸಲು ಹೊರಗಿನಿಂದ ಬಂದ ಅನಾರ್ಕಿಸ್ಟರೇ ಬೇಕಾಗಿರಲಿಲ್ಲ. ಲಾಟ್ವಿಯನ್ನರು ದೊಡ್ಡ ಸಂಖ್ಯೆಯಲ್ಲಿ ಆಸ್ಟ್ರೇಲಿಯಾಕ್ಕೆ ಬಂದಿದ್ದು ಎರಡನೇ ಮಹಾಯುದ್ಧದ ನಂತರ. 1947ರ ನವೆಂಬರಿನಲ್ಲಿ ಜರ್ಮನಿಯ ನಿರಾಶ್ರಿತರ ಶಿಬಿರಗಳಿಂದ ಮೊದಲ ಹಡಗು ಬಂತು. ಲಾಟ್ವಿಯಾ, ಎಸ್ಟೋನಿಯಾ, ಲಿಥುವೇನಿಯಾದವರನ್ನು ಹುಡುಕಿ ಆರಿಸಿದ್ದರು. ಯುವಕರು, ಗಟ್ಟಿಮುಟ್ಟಾದವರು, ಹೊಂಬಣ್ಣದ ಕೂದಲಿನವರು. ಬಿಳಿಯರಲ್ಲದವರನ್ನು ದೂರವಿಡುತ್ತಿದ್ದ 'ಬಿಳಿಯರ ಆಸ್ಟ್ರೇಲಿಯಾ' ನೀತಿಗೆ ಒಪ್ಪುವವರೇ ಬೇಕಾಗಿತ್ತು. ಲಂಡನ್ನಿನಲ್ಲಿ ಭಯ ಹುಟ್ಟಿಸಿದ್ದ ಜನರೇ ಇಲ್ಲಿ ಸರ್ಕಾರದ ಕಣ್ಣಿಗೆ ಒಳ್ಳೆಯ ವಲಸಿಗರಾದರು. ಕೆಲವೇ ವರ್ಷಗಳಲ್ಲಿ ಸುಮಾರು 20,000 ಲಾಟ್ವಿಯನ್ನರು ಬಂದರು. ಅವರ ಮಕ್ಕಳು, ಮೊಮ್ಮಕ್ಕಳು ಇವತ್ತು ಮೆಲ್ಬರ್ನಿನಲ್ಲೇ ಕೂತು ಈ ಎಪಿಸೋಡ್ ನೋಡುತ್ತಾರೆ. ಅವರ ಅಜ್ಜ ಅಜ್ಜಿ ಅಲ್ಲಿ ಎರಡು ವರ್ಷ ಸರ್ಕಾರ ಹೇಳಿದ ಕಡೆ ಕೂಲಿ ಮಾಡಿದವರು. ಅವರ ಕಥೆ ಪತ್ತೇದಾರಿ ಸರಣಿಗಳಿಗೆ ಎಟುಕಿದ್ದು ಕಡಿಮೆ.

ಇದನ್ನು ಸರಿ ಮಾಡಲು ಕಥೆಯನ್ನೇ ಬಿಸಾಡಬೇಕಿಲ್ಲ. ಕೊಲೆಗಾರ ಲಾಟ್ವಿಯನ್ ಆಗಿರಲಿ, ತೊಂದರೆಯಿಲ್ಲ. ಆದರೆ ಅದೇ ಸಮುದಾಯದ ಎರಡನೆಯವರು, ಮೂರನೆಯವರು ಬೇಕು. ಗುಟ್ಟಿಗೆ ಸಂಬಂಧವೇ ಇಲ್ಲದವರು. ಲಾಟ್ವಿಯನ್ನರಿಗೆ ಜೂನ್ 23ರ ರಾತ್ರಿಯ 'ಯಾಣಿ' ಹಬ್ಬ ಬಹಳ ಮುಖ್ಯ. ವರ್ಷದ ಅತಿ ಚಿಕ್ಕ ರಾತ್ರಿಯ ಹಬ್ಬ ಅದು. ಬೆಂಕಿ ಹಾಕಿ, ಓಕ್ ಎಲೆಯ ಕಿರೀಟ ತೊಟ್ಟು, ಚೀಸು ತಿಂದು, ಬಿಯರ್ ಕುಡಿದು, ಬೆಳಗಿನವರೆಗೂ ಹಾಡುತ್ತಾರೆ. ಮೆಲ್ಬರ್ನಿನಲ್ಲಿ ಜೂನ್ ಅಂದರೆ ಚಳಿಗಾಲ, ವರ್ಷದ ಅತಿ ಉದ್ದದ ರಾತ್ರಿ. ಆ ಚಳಿಯಲ್ಲಿ ಒಂದು ಮನೆಯ ಹಿತ್ತಲಲ್ಲಿ ನಾಲ್ಕು ಜನ ಸೇರಿ ಹಬ್ಬ ಮಾಡುವ ಸೀನ್ ಇಡಿ. ಪತ್ತೇದಾರಿಣಿ ಅಲ್ಲಿಗೆ ಬಂದು ಪ್ರಶ್ನೆ ಕೇಳಲಿ. ಒಬ್ಬಳು ಮುದುಕಿ ಅವಳ ಪ್ರಶ್ನೆಗೆ ಉತ್ತರ ಕೊಡದೆ, ಮೊದಲು ಕೂತು ತಿನ್ನು ಅಂತ ಹೇಳಲಿ. ತನಿಖೆಯೂ ನಿಲ್ಲುವುದಿಲ್ಲ, ಊರು ಬಿಟ್ಟು ಬಂದವರು ಹೇಗಿರುತ್ತಾರೆ ಅನ್ನುವುದೂ ಕಾಣುತ್ತದೆ. ನಿರ್ಮಾಪಕರಿಗೆ ಖರ್ಚೂ ಹೆಚ್ಚಿಲ್ಲ.

ನಮ್ಮ ಕನ್ನಡ ಧಾರಾವಾಹಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಉತ್ತರ ಕರ್ನಾಟಕದ ಮಾತು ಮನೆಗೆಲಸದವಳಿಗೆ, ಕರಾವಳಿಯ ಮಾತು ನಗಿಸುವವನಿಗೆ ಅಂತ ಹಂಚುವ ರೂಢಿ ನಮ್ಮಲ್ಲೂ ಇದೆ. ಎಪಿಸೋಡಿನ ಕಥೆಯ ಎಳೆ ಕಟ್ಟುವ ಒನ್‌ಲೈನ್ ಚರ್ಚೆಯಲ್ಲಿ ಬರೆಯುವ ಹುಡುಗರು ಕೇಳುತ್ತಾರೆ, "ಒಂದೇ ಎಪಿಸೋಡಿನ ಪಾತ್ರ ಮೇಡಂ, ಅಷ್ಟೊಂದು ಯಾಕೆ ತಲೆ ಕೆಡಿಸ್ಕೋಬೇಕು?" ಒಂದೇ ಎಪಿಸೋಡಿನ ಪಾತ್ರ ಆದದ್ದಕ್ಕೇ ತಲೆ ಕೆಡಿಸಿಕೊಳ್ಳಬೇಕು. ನಾಯಕಿಗೆ ತಪ್ಪು ತಿದ್ದಿಕೊಳ್ಳಲು ಮುಂದಿನ ವಾರ ಇದೆ, ಅವನಿಗಿಲ್ಲ. ಆಮೇಲೆ ಆ ಹುಡುಗರ ಕೈಗೆ ಪುಟ ಕೊಟ್ಟು, ಆ ಪಾತ್ರದ ಊರಿನ ಇನ್ನೊಬ್ಬರಿಗೆ ಎರಡು ಸಾಲು ಬರೆದು ತರಲು ಹೇಳುತ್ತೇನೆ.