ಷವರಿನ ಮಿಕ್ಸರಿಗೆ ಬಿಸಿ ಯಾವುದು ತಣ್ಣಗೆ ಯಾವುದು ಗೊತ್ತೇ ಇಲ್ಲ

ಬೆಳಿಗ್ಗೆ ಒಬ್ರು ಷವರಿನ ಅಡಿಯಲ್ಲಿ ನಿಂತಿರ್ತಾರೆ, ಅಡಿಗೆ ಕೋಣೆಯಲ್ಲಿ ಇನ್ನೊಬ್ರು ಪಾತ್ರೆ ತೊಳಿಲಿಕ್ಕೆ ನಳ್ಳಿ ತಿರುಗಿಸ್ತಾರೆ, ಕೂಡಲೆ ಬಚ್ಚಲಿಂದ ಒಂದು ಬೊಬ್ಬೆ. ನಮ್ಮ ಕಾಸರಗೋಡಿನಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದ ತನಕ ಟೆರೇಸ್ ಮನೆ ಇರುವಲ್ಲೆಲ್ಲ ಈ ಬೊಬ್ಬೆ ಉಂಟು, ಮತ್ತೆ ಬೈಗುಳ ತಿನ್ನುದು ಯಾವಾಗ್ಲೂ ಪಾಪದ ಗೀಸರ್. ಗೀಸರಿದ್ದು ಇದರಲ್ಲಿ ಎಂತ ತಪ್ಪೂ ಇಲ್ಲ, ಅದು ಒಂದು ನಿಮಿಷದ ಮೊದಲು ಎಷ್ಟು ಬಿಸಿ ಕೊಡ್ತಿತ್ತೋ ಈಗ್ಲೂ ಅಷ್ಟೇ ಕೊಡ್ತಾ ಉಂಟು.

ವಿಷಯ ಇರುದು ಗೋಡೆಯ ಮಿಕ್ಸರಿನಲ್ಲಿ. ನಾವು ಹ್ಯಾಂಡಲನ್ನು ಒಂದು ಕಡೆ ತಿರುಗಿಸಿ ಹದ ಮಾಡಿ ಬಿಟ್ರೆ ಅದು ಆ ಬಿಸಿಯನ್ನು ನೆನಪಿಟ್ಟುಕೊಳ್ತದೆ ಅಂತ ನಮ್ಮ ಲೆಕ್ಕ. ಸಾಮಾನ್ಯ ಮಿಕ್ಸರಿಗೆ ಉಷ್ಣತೆ ಅಳೆಯುವ ಯಾವ ಅಂಗವೂ ಇಲ್ಲ ಮಾರ್ರೆ, ಎರಡು ಪೈಪಿಂದ ಬರುವ ನೀರಿಗೆ ಎಷ್ಟೆಷ್ಟು ದಾರಿ ಬಿಡ್ಬೇಕು ಅಷ್ಟೇ ಅದರ ಕೆಲಸ. ಆ ದಾರಿಯಲ್ಲಿ ಎಷ್ಟು ನೀರು ಬರ್ತದೆ ಅನ್ನುದು ಹಿಂದಿನ ಪೈಪಿನ ಒತ್ತಡಕ್ಕೆ ಬಿಟ್ಟ ವಿಷಯ.

ಒಂದು ಲೆಕ್ಕ ಹಾಕಿ ನೋಡುವ. ಗೀಸರಿನ ನೀರು 60 ಡಿಗ್ರಿ, ಟ್ಯಾಂಕಿನ ನೀರು 28, ಮೈಗೆ ಹಿತ ಆಗುದು 40. ಅದಕ್ಕೆ 3 ಪಾಲು ಬಿಸಿ ಇದ್ರೆ 5 ಪಾಲು ತಣ್ಣೀರು ಬೇಕು. ಅಡಿಗೆ ಕೋಣೆಯ ನಳ್ಳಿ ತೆಗೆದ್ರು, ತಣ್ಣೀರು ಅರ್ಧಕ್ಕೆ ಇಳೀತು, ಬಿಸಿ ಅಷ್ಟೇ ಉಂಟು ಅಂತ ಇಟ್ಕೊಳ್ಳಿ, ಷವರ್ 45 ದಾಟ್ತದೆ. ಅದೇ ಹೊತ್ತಿಗೆ ಯಾರೋ ಫ್ಲಶ್ ಒತ್ತಿ ತಣ್ಣೀರು ಕಾಲು ಭಾಗಕ್ಕೆ ಬಂದ್ರೆ 50 ದಾಟಿತು.

50 ಅಂದ್ರೆ ಚಾ ಕುಡಿಯುವಷ್ಟೂ ಬಿಸಿ ಇಲ್ಲ ಅಂತ ಕಾಣ್ತದೆ. ಆದ್ರೆ ಚರ್ಮದ ಲೆಕ್ಕ ಬೇರೆ. ಮೊರಿಟ್ಜ್ ಮತ್ತೆ ಹೆನ್ರಿಕ್ಸ್ ಅನ್ನುವ ಅಮೆರಿಕದ ಇಬ್ರು ಸಂಶೋಧಕರು 1947ರಲ್ಲಿ ಪ್ರಕಟಿಸಿದ ಕೆಲಸ ಇವತ್ತಿಗೂ ಇದಕ್ಕೆ ಆಧಾರ. 44 ಡಿಗ್ರಿಯಲ್ಲಿ ಚರ್ಮ ಸುಡ್ಲಿಕ್ಕೆ ಸುಮಾರು 6 ಗಂಟೆ ಬೇಕು, 49ರಲ್ಲಿ 10 ನಿಮಿಷದ ಹತ್ತಿರ, 60ರಲ್ಲಿ 5 ಸೆಕೆಂಡು ಸಾಕು. ನಡುವೆ ಹನ್ನೊಂದೇ ಡಿಗ್ರಿ, ಅಷ್ಟರಲ್ಲಿ ನಿಮಿಷ ಹೋಗಿ ಸೆಕೆಂಡು ಬಂತು. ಇದು ದೊಡ್ಡವರ ಚರ್ಮದ್ದು, ಸಣ್ಣ ಮಕ್ಕಳ ಚರ್ಮ ತೆಳು, ಇನ್ನೂ ಬೇಗ ಸುಡ್ತದೆ. ಪ್ರಾಯ ಆದವರು ಜಾರುವ ನೆಲದಲ್ಲಿ ಫಕ್ಕನೆ ಹಿಂದೆ ಸರೀಲಿಕ್ಕೆ ಹೋದ್ರೆ ಸುಡುದಕ್ಕಿಂತ ಬೀಳುದೇ ದೊಡ್ಡ ಅಪಾಯ.

ಹಾಗಾದ್ರೆ ಗೀಸರನ್ನೇ 42ಕ್ಕೆ ಇಟ್ರಾಯ್ತಲ್ಲ ಅಂತ ಕೇಳ್ತಾರೆ. ಅದಕ್ಕೊಂದು ಅಡ್ಡಿ ಉಂಟು. 25ರಿಂದ 45 ಡಿಗ್ರಿ ನೀರು ಲೀಜನೆಲ್ಲಾ ಅನ್ನುವ ಬ್ಯಾಕ್ಟೀರಿಯಾಕ್ಕೆ ಬಹಳ ಇಷ್ಟ, 1976ರಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಕಟ್ಟಡದ ಗಾಳಿ ತಣ್ಣಗೆ ಮಾಡುವ ವ್ಯವಸ್ಥೆಯ ಮೂಲಕ ಹರಡಿ ಹೆಸರು ಮಾಡಿದ ನ್ಯುಮೋನಿಯಾ ಇದರದ್ದೇ. ಷವರಿನ ಸಣ್ಣ ಹನಿಗಳ ಜೊತೆ ಶ್ವಾಸಕೋಶಕ್ಕೂ ಹೋಗಬಹುದು. 60 ಡಿಗ್ರಿಯಲ್ಲಿ ಅದು ಬದುಕುದಿಲ್ಲ. ಹಾಗಾಗಿ ನೀರು ತುಂಬಿಸಿಡುವ ಗೀಸರಿನಲ್ಲಿ 60 ಇರ್ಲಿ, ಮೈಗೆ ಬೀಳುವ ಮೊದಲು ಬೆರೆಸಿ ಇಳಿಸುವ ಅನ್ನುದೇ ಸರಿಯಾದ ಕ್ರಮ. ಸೋಲಾರ್ ಇದ್ದವರು ಇನ್ನೂ ಜಾಗ್ರತೆ, ಬಿಸಿಲು ಜೋರಿದ್ದ ದಿನ ಅದರ ನೀರು 60ರಲ್ಲಿ ನಿಲ್ಲುದಿಲ್ಲ.

ಒತ್ತಡದ ವಿಷಯಕ್ಕೆ ಬರುವ. 10 ಮೀಟರ್ ಎತ್ತರದಿಂದ ನೀರು ಇಳಿದ್ರೆ ಹೆಚ್ಚುಕಮ್ಮಿ 1 ಬಾರ್ ಒತ್ತಡ, ಅಂದ್ರೆ ಒಂದು ಒಳ್ಳೆ ಅಡಿಕೆ ಮರದಷ್ಟು ಎತ್ತರ. ನಮ್ಮ ಒಂದು ಮಾಳಿಗೆಯ ಮನೆಗಳಲ್ಲಿ ಟ್ಯಾಂಕಿನ ನೀರಿಗೂ ಷವರಿನ ತಲೆಗೂ ಇರುವ ಅಂತರ 2 ಮೀಟರ್ ಸಿಕ್ಕಿದ್ರೆ ಪುಣ್ಯ, ಒತ್ತಡ ಬರೀ 0.2 ಬಾರ್. ಇಷ್ಟೇ ಬಂಡವಾಳದಲ್ಲಿ ಒಂದೇ ಪೈಪಿಂದ ಅಡಿಗೆ ಕೋಣೆ, ಫ್ಲಶ್, ವಾಷಿಂಗ್ ಮೆಷಿನ್ ಎಲ್ಲ ನಡೀಬೇಕು. ಪೈಪಿನಲ್ಲಿ ನೀರಿನ ಹರಿವು ಎರಡು ಪಟ್ಟಾದ್ರೆ ತಿಕ್ಕಾಟದಲ್ಲಿ ಹೋಗುವ ಒತ್ತಡ ಸುಮಾರು ನಾಲ್ಕು ಪಟ್ಟಾಗ್ತದೆ, ಹಾಗಾಗಿ ಒಂದು ನಳ್ಳಿ ಹೆಚ್ಚು ತೆಗೆದ್ರೂ ಷವರಿಗೆ ತಾಗ್ತದೆ. ಇದಕ್ಕೆ ಮದ್ದು ಮಿಕ್ಸರಿನಲ್ಲಿಲ್ಲ, ಟ್ಯಾಂಕಿಂದ ಬಚ್ಚಲಿಗೆ ಬೇರೆಯೇ ಒಂದು ದಪ್ಪ ಪೈಪ್ ಇಳಿಸುದರಲ್ಲಿ ಉಂಟು, ಗೀಸರಿಗೂ ಮಿಕ್ಸರಿನ ತಣ್ಣೀರಿಗೂ ಅದೇ ಪೈಪಿಂದ ಕೊಟ್ರೆ ಒತ್ತಡ ಇಳಿಯುವಾಗ ಎರಡೂ ಒಟ್ಟಿಗೆ ಇಳೀತವೆ, ಷವರ್ ಸಣ್ಣ ಆಗ್ತದೆ ಆದ್ರೆ ಸುಡುದಿಲ್ಲ. ಮನೆ ಕಟ್ಟುವಾಗ ಟೈಲ್ಸಿಗೆ ಕೊಡುವ ಗಮನದ ಹತ್ತನೇ ಒಂದು ಪಾಲು ಇದಕ್ಕೆ ಕೊಟ್ರೆ ಸಾಕಿತ್ತು. ಪ್ರೆಷರ್ ಪಂಪ್ ಹಾಕುದಾದ್ರೂ ಬಿಸಿ ತಣ್ಣೀರು ಎರಡಕ್ಕೂ ಸೇರಿಸಿಯೇ ಹಾಕ್ಬೇಕು. ಮತ್ತೆ ದೊಡ್ಡ ತಟ್ಟೆಯ ರೈನ್ ಷವರ್ 0.2 ಬಾರಿಗೆ ಹಾಕಿದ್ರೆ ಹೊರಗೆ ಆಟಿಯ ಮಳೆ ಧೋ ಅಂತ ಸುರಿಯುವಾಗ ಒಳಗೆ ತೊಟ್ಟಿಕ್ಕುದನ್ನು ನೋಡ್ತಾ ನಿಲ್ಬೇಕು.

ಆದ್ರೂ ಮಿಕ್ಸರಿನಲ್ಲಿ ನಾವೇ ಮಾಡಬಹುದಾದ ಒಂದು ಕೆಲಸ ಉಂಟು, ಹೆಚ್ಚಿನವರಿಗೆ ಅದು ಇರುದೇ ಗೊತ್ತಿಲ್ಲ. ಒಂದೇ ಹ್ಯಾಂಡಲಿನ ಮಿಕ್ಸರಿನೊಳಗೆ ಕಾರ್ಟ್ರಿಜ್ ಇರ್ತದೆ, ಅದರೊಳಗೆ ಕನ್ನಡಿಯ ಹಾಗೆ ನಯ ಮಾಡಿದ ಎರಡು ಸೆರಾಮಿಕ್ ಬಿಲ್ಲೆಗಳು, ಒಂದು ಅಲ್ಲಾಡುದಿಲ್ಲ, ಇನ್ನೊಂದು ಅದರ ಮೇಲೆ ಜಾರ್ತದೆ, ತೂತಿಗೆ ತೂತು ಎಷ್ಟು ಸರಿಹೊಂದ್ತದೋ ಅಷ್ಟು ನೀರು. ಹಲವು ಮಾದರಿಗಳಲ್ಲಿ ಆ ಕಾರ್ಟ್ರಿಜಿನ ತಲೆ ಮೇಲೆ ಹಲ್ಲು ಹಲ್ಲಿರುವ ಒಂದು ಸಣ್ಣ ಪ್ಲಾಸ್ಟಿಕ್ ಬಳೆ ಇರ್ತದೆ. ಹ್ಯಾಂಡಲ್ ಬಿಸಿಯ ಕಡೆ ಎಲ್ಲಿಯ ತನಕ ತಿರುಗ್ಬಹುದು ಅಂತ ನಿಲ್ಲಿಸುದು ಅದೇ.

ಮೊದಲು ಮೈನ್ ಬೋರ್ಡಿನಲ್ಲಿ ಗೀಸರಿನ ಲೈನನ್ನೇ ಕಡಿಯುವ ಎಂಸಿಬಿ ಆಫ್ ಮಾಡಿ, ಸ್ವಿಚ್ ಮಾತ್ರ ಸಾಲದು. ಬಚ್ಚಲಿನ ವಾಲ್ವ್ ಬಂದ್ ಮಾಡಿ ಷವರ್ ತೆಗೆದಿಟ್ಟು ಪೈಪಿನ ನೀರು ಇಳಿಸಿ. ನೆಲದ ಜಾಲಿ ಮೇಲೆ ಒಂದು ಬೈರಾಸು ಹಾಕಿ, ಇಲ್ಲದಿದ್ರೆ ಬೀಳುವ ಮೊದಲನೇ ಸ್ಕ್ರೂ ಸೀದಾ ಅದರೊಳಗೇ ಹೋಗುದು. ಹ್ಯಾಂಡಲಿನಲ್ಲಿ ಕೆಂಪು ನೀಲಿ ಗುರುತಿನ ಸಣ್ಣ ಮುಚ್ಚಳವನ್ನು ಉಗುರಿಂದ ಎಬ್ಬಿಸಿದ್ರೆ ಒಳಗೆ ಆರು ಮೂಲೆಯ ತೂತಿರುವ ಅಲೆನ್ ಸ್ಕ್ರೂ ಕಾಣ್ತದೆ, ಅದನ್ನು ಸಡಿಲ ಮಾಡಿ ಹ್ಯಾಂಡಲ್ ಎಳೆದ್ರೆ ಬಳೆ ಕಣ್ಣಿಗೆ ಬೀಳ್ತದೆ. ಫೋನಿನಲ್ಲಿ ಒಂದು ಫೋಟೋ ತೆಗೆದು ಆಮೇಲೆ ಬಳೆಯನ್ನು ಎತ್ತಿ ಒಂದೆರಡು ಹಲ್ಲು ತಣ್ಣಗಿನ ಕಡೆಗೆ ಸರಿಸಿ ಕೂರಿಸಿ. ಹ್ಯಾಂಡಲ್ ಹಾಕಿ, ನೀರು ಬಿಟ್ಟು, ಗೀಸರ್ ಪೂರ್ತಿ ಕಾದ ಮೇಲೆ ಅತಿ ಬಿಸಿಯ ಕಡೆ ತಿರುಗಿಸಿ ಬಕೆಟಿಗೆ ಹಿಡಿದು ಅಡಿಗೆಯ ಡಿಜಿಟಲ್ ಥರ್ಮಾಮೀಟರಿನಲ್ಲಿ ಅಳೆಯಿರಿ. ಜ್ವರದ್ದು ಆಗುದಿಲ್ಲ, ಅದು 42ರ ಆಸುಪಾಸಿನಲ್ಲೇ ನಿಲ್ತದೆ.

ಇಲ್ಲೊಂದು ಸೂಕ್ಷ್ಮ ಉಂಟು. ಮಳೆಗಾಲದಲ್ಲಿ ಟ್ಯಾಂಕಿನ ನೀರು 26 ಇರುವಾಗ ನೀವು ಬಳೆಯನ್ನು 42ಕ್ಕೆ ಸರಿಮಾಡಿದ್ರಿ. ಏಪ್ರಿಲಿನ ಮಧ್ಯಾಹ್ನ ಟೆರೇಸಿನ ಕಪ್ಪು ಟ್ಯಾಂಕಿನಲ್ಲಿ ನೀರು 40 ಆಯ್ತು ಅಂತ ಇಟ್ಕೊಳ್ಳಿ, ಬಳೆ ಅಲ್ಲೇ ಉಂಟು, ಬೆರಕೆಯ ಪ್ರಮಾಣವೂ ಅದೇ, ಆದ್ರೆ ಷವರಿನಲ್ಲಿ ಬರುದು 49. ಬಳೆ ಹಿಡಿದು ನಿಲ್ಲಿಸುದು ಪ್ರಮಾಣವನ್ನು, ಬಿಸಿಯನ್ನಲ್ಲ. ಹಾಗಾಗಿ ಇದನ್ನು ಸರಿಮಾಡುದು ಬೇಸಗೆಯ ಮಧ್ಯಾಹ್ನ. ಆಟಿಯಲ್ಲಿ ಸ್ವಲ್ಪ ಬಿಸಿ ಕಮ್ಮಿ ಆಯ್ತು ಅಂತ ಗೊಣಗಿದ್ರೆ ಗೊಣಗಲಿ.

ನಿಜವಾಗಿ ಬಿಸಿ ಅಳೆಯುವ ಮಿಕ್ಸರ್ ಬೇಕಾದ್ರೆ ಥರ್ಮೋಸ್ಟಾಟಿಕ್ ಅಂತ ಸಿಗ್ತದೆ. ಅದರೊಳಗೆ ಮೇಣ ತುಂಬಿದ ಸಣ್ಣ ಕೊಳವೆ ಇರ್ತದೆ, ಬಿಸಿ ಹೆಚ್ಚಾದ್ರೆ ಮೇಣ ಹಿಗ್ಗಿ ಬಿಸಿನೀರಿನ ದಾರಿ ಕಿರಿದು ಮಾಡ್ತದೆ. ನಮ್ಮ ಕಡೆ ಗಲ್ಫಿಂದ ಬರುವವರು ಪೆಟ್ಟಿಗೆಯಲ್ಲಿ ತರುದುಂಟು, ಚಂದವೂ ಇರ್ತದೆ, ಆದ್ರೆ ಅಲ್ಲಿ ಪಂಪಿನ ಒತ್ತಡಕ್ಕೆ ಮಾಡಿದ್ದು ಇಲ್ಲಿ 0.2 ಬಾರಿಗೆ ಕೆಲಸ ಮಾಡುದಿಲ್ಲ. ಡಬ್ಬದ ಮೇಲೆ ಕನಿಷ್ಠ ಒತ್ತಡ ಎಷ್ಟು ಅಂತ ಬರೆದಿರ್ತಾರೆ, ಅದನ್ನು ಓದಿಯೇ ದುಡ್ಡು ಕೊಡಿ. ಹಾಕಿದವರು ಆಗಾಗ ಹ್ಯಾಂಡಲನ್ನು ಪೂರಾ ಬಿಸಿಗೂ ಪೂರಾ ತಣ್ಣಗೂ ತಿರುಗಿಸ್ತಾ ಇರ್ಬೇಕು, ಒಂದೇ ಕಡೆ ಬಿಟ್ರೆ ಕಚ್ಚಿಕೊಳ್ತದೆ. ಷವರ್ ಬಿಟ್ಟಿರುವಾಗ ತಣ್ಣೀರಿನ ವಾಲ್ವ್ ಬಂದ್ ಮಾಡಿ ನೋಡಿ, ಕೆಲವೇ ಸೆಕೆಂಡಿನಲ್ಲಿ ಬಿಸಿಯೂ ನಿಲ್ಬೇಕು, ನಿಲ್ಲದಿದ್ರೆ ಮೇಣದ ಭಾಗ ಹೋಗಿದೆ ಅಂತ ಲೆಕ್ಕ. ಪರೀಕ್ಷೆ ಮಾಡುವಾಗ ಅದರ ಅಡಿಯಲ್ಲಿ ನಿಲ್ಬೇಡಿ ಮತ್ತೆ.

ಗೀಸರಿನ ಅಡಿಯಲ್ಲಿ ಹಿತ್ತಾಳೆಯ ಸೇಫ್ಟಿ ವಾಲ್ವ್ ಒಂದಿರ್ತದೆ, ನೀರು ಕಾಯುವಾಗ ತೊಟ್ಟು ತೊಟ್ಟು ಇಳಿಸ್ತಾ ಇರ್ತದೆ. ಲೀಕ್ ಅಂತ ಎಂಸೀಲ್ ಮೆತ್ತಿದವರೂ ಇದ್ದಾರೆ, ಮಹಾ ತಪ್ಪು ಅದು. 28ರಿಂದ 60ಕ್ಕೆ ಕಾಯುವಾಗ ನೀರು ಶೇಕಡಾ 1.3ರಷ್ಟು ಹಿಗ್ತದೆ, 15 ಲೀಟರಿಗೆ 200 ಮಿಲಿ, ಅದು ಎಲ್ಲಿಗಾದ್ರೂ ಹೋಗ್ಲೇಬೇಕಲ್ಲ. ನೀರು ಕಾದ ಮೇಲೆ ಕರೆಂಟ್ ಕಡಿಯುವ ಥರ್ಮೋಸ್ಟಾಟ್ ಕೆಟ್ಟ ದಿನ ಒಳಗಿನ ಒತ್ತಡ ಬಿಡುದೂ ಅದೇ ತೂತು. ನೀರು ಆವಿಯಾದ್ರೆ 1,600 ಪಟ್ಟು ಜಾಗ ಬೇಡ್ತದೆ, ತೂತು ಮುಚ್ಚಿದ ಗೀಸರ್ ಒಡೆಯುದು ಹಾಗೆ. ಆದ್ರೆ ಕಾಯದೆ ಇರುವಾಗ್ಲೂ ಸುರೀತಾ ಇದ್ರೆ ಆ ವಾಲ್ವನ್ನು ಬದಲಿಸ್ಬೇಕು.

ಇನ್ನು ನಮ್ಮ ನೀರು. ಬಯಲುಸೀಮೆಯವರ ಷವರ್ ತೂತಿನಲ್ಲಿ ಬಿಳಿ ಸುಣ್ಣ ಕಟ್ಟುದು, ನಮ್ಮಲ್ಲಿ ಹಾಗಲ್ಲ. ಲಕ್ಷಾಂತರ ವರ್ಷದ ಮಳೆ ಇಲ್ಲಿಯ ಕೆಂಪು ಮುರಕಲ್ಲಿಂದ ಸುಣ್ಣವನ್ನೆಲ್ಲ ತೊಳೆದುಕೊಂಡು ಹೋಗಿ ಉಳಿದದ್ದು ಕಬ್ಬಿಣ ಮತ್ತೆ ಅಲ್ಯೂಮಿನಿಯಂ, ಹಾಗಾಗಿ ಬಾವಿಯ ನೀರೂ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರೂ ಮೆದು, ಸ್ವಲ್ಪ ಹುಳಿಯ ಕಡೆಗೆ. ಕೆಲವು ಬಾವಿ, ಬೋರಿನ ನೀರಲ್ಲಿ ಕರಗಿದ ಕಬ್ಬಿಣ ಉಂಟು, ಗಾಳಿ ತಾಗಿದ ಕೂಡಲೆ ಕೆಂಪಾಗಿ ಷವರಿನ ತೂತಿಗೆ, ಕಾರ್ಟ್ರಿಜಿನ ರಬ್ಬರಿಗೆ ಅಂಟಿಕೊಳ್ತದೆ. ವಿನೆಗರ್ ಸುಣ್ಣಕ್ಕೆ ಒಳ್ಳೇದು, ಈ ಕೆಂಪಿಗೆ ಅಷ್ಟಾಗಿ ಬಗ್ಗುದಿಲ್ಲ. ಹಿತ್ತಿಲಿನ ಬಿಂಬುಳಿ ಬಗ್ಗಿಸ್ತದೆ, ಅದರಲ್ಲಿ ಆಕ್ಸಾಲಿಕ್ ಆಮ್ಲ ಜೋರು, ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗುವ ಹಾಗೆ ಮಾಡ್ತದೆ. ಷವರಿನ ತಟ್ಟೆ ಬಿಚ್ಚಿ ಜಜ್ಜಿದ ಬಿಂಬುಳಿ ಮೆತ್ತಿ ಸ್ವಲ್ಪ ಹೊತ್ತು ಬಿಟ್ಟು ಹಳೇ ಬ್ರಷ್ಷಿಂದ ಉಜ್ಜಿ ಚೆನ್ನಾಗಿ ತೊಳೀರಿ, ಇಡೀ ರಾತ್ರಿ ಬಿಟ್ರೆ ಕ್ರೋಮಿನ ಹೊಳಪು ಹೋಗ್ತದೆ. ಕಕ್ಕಸು ತೊಳೆಯುವ ಆಸಿಡ್ ಅಂತೂ ಹತ್ತಿರವೂ ತರ್ಬೇಡಿ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಮತ್ತೆ ಯಾವುದೇ ಹುಳಿ ಒಟ್ಟು ಸೇರಿದ್ರೆ ಕ್ಲೋರಿನ್ ಅನಿಲ ಬರ್ತದೆ, ಬಾಗಿಲು ಹಾಕಿದ ಬಚ್ಚಲಿನಲ್ಲಿ ಅದು ಉಸಿರಿಗೇ ಅಪಾಯ.

ಕೊನೆಗೊಂದು, ಷವರಿನ ನೀರು ಮುಟ್ಟಿದಾಗ ಅಥವಾ ಮಿಕ್ಸರ್ ಹಿಡಿದಾಗ ಕೈ ಸ್ವಲ್ಪ ಜುಂ ಅಂದ್ರೂ ಅದು ಪ್ಲಂಬರಿನ ಕೆಲಸ ಅಲ್ಲ. ಅಲ್ಲಿಂದ ಹೊರಗೆ ಬಂದು ಮೈನ್ ಆಫ್ ಮಾಡಿ, ಗೀಸರಿನ ಕಾಯಿಲೂ ಮನೆಯ ಅರ್ಥಿಂಗೂ ನೋಡ್ಲಿಕ್ಕೆ ಎಲೆಕ್ಟ್ರಿಷಿಯನ್‌ಗೆ ಹೇಳಿ, ಕರೆಂಟ್ ಸೋರಿದ್ರೆ ತಾನೇ ಬೀಳುವ ಇಎಲ್‌ಸಿಬಿಯ ಟೆಸ್ಟ್ ಬಟನ್ ಒತ್ತಿದ್ರೆ ಅದು ಬೀಳ್ತದಾ ಅಂತಲೂ ನೋಡಿಸಿ, ಅಷ್ಟು ದಿನ ಸ್ನಾನ ಬಾವಿಕಟ್ಟೆಯಲ್ಲಿ ಆಗ್ಲಿ.