ಆ ಒಂದು ಏಟಿನ ಹಿಂದಿನ ರೌಂಡ್‌ಗಳು

ಹಳೆ ಹೆವಿವೇಟ್ ಪಂದ್ಯಗಳ ನಾಕೌಟ್ ಕ್ಲಿಪ್‌ಗಳನ್ನು ನಮ್ಮ ಹುಡುಗರು ಮೊಬೈಲ್‌ನಲ್ಲಿ ತುಂಬಾ ನೋಡುತ್ತಾರೆ. ಒಂದು ಏಟು, ಒಬ್ಬ ಬಿದ್ದ, ಮುಗೀತು. ಬಾಕ್ಸಿಂಗ್ ಹೇಳಿಕೊಡುವ ನನಗೆ ಇದು ಬೇಜಾರಿನ ವಿಷಯ, ಯಾಕೆಂದರೆ ಆ ಏಟು ಯಾಕೆ ತಗುಲಿತು ಅನ್ನುವುದು ಕ್ಲಿಪ್‌ನಲ್ಲಿ ಇರುವುದೇ ಇಲ್ಲ. ಎದುರಾಳಿಯ ಒಂದು ಅಭ್ಯಾಸ ಹಿಡಿಯಬೇಕು, ಅದು ಮತ್ತೆ ಬರುವ ತನಕ ಏಟು ತಿಂದಾದರೂ ಕಾಯಬೇಕು. ರಿಂಗ್‌ನಲ್ಲಿ ತಂತ್ರ ಅಂದರೆ ಬಹುಪಾಲು ಇದೇ.

1936ರ ಜೂನ್ 19, ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂ. ಅಮೆರಿಕದ ಬಾಕ್ಸರ್ ಜೋ ಲೂಯಿಸ್‌ಗೆ 22 ವರ್ಷ, ಅಲ್ಲಿಯವರೆಗೆ ಒಂದೂ ಪಂದ್ಯ ಸೋತಿರಲಿಲ್ಲ. ಎದುರಿಗಿದ್ದ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್‌ಗೆ 30. ಮಾಜಿ ಚಾಂಪಿಯನ್ ಆಗಿದ್ದರೂ ಅವನ ಕಾಲ ಮುಗಿಯಿತು ಅಂತಲೇ ಹೆಚ್ಚಿನವರು ಅಂದುಕೊಂಡಿದ್ದರು. ಆದರೆ ಅವನು ಲೂಯಿಸ್‌ನ ಹಿಂದಿನ ಪಂದ್ಯವೊಂದನ್ನು ರಿಂಗ್ ಪಕ್ಕದಲ್ಲೇ ಕೂತು ನೋಡಿದ್ದ, ಫಿಲ್ಮ್‌ಗಳನ್ನೂ ನೋಡಿದ್ದ. ಲೂಯಿಸ್ ಆಟದಲ್ಲಿ ಏನೋ ಒಂದು ಕಂಡಿದೆ ಅಂತ ಪತ್ರಕರ್ತರಿಗೆ ಹೇಳಿದ, ಏನು ಅಂತ ಮಾತ್ರ ಹೇಳಲಿಲ್ಲ.

ಕಂಡಿದ್ದು ಇದು: ಲೂಯಿಸ್ ಎಡಗೈಯಿಂದ ಜ್ಯಾಬ್ (ಮುಂದಿನ ಕೈಯಿಂದ ನೇರವಾಗಿ ಚಾಚಿ ಹೊಡೆಯುವ ಚುರುಕು ಏಟು) ಹೊಡೆದ ಮೇಲೆ ಕೈ ಗಲ್ಲದ ಹತ್ತಿರ ವಾಪಸ್ ಬರುತ್ತಿರಲಿಲ್ಲ, ಕೆಳಗಿಳಿಯುತ್ತಿತ್ತು. ಆ ಅರೆಕ್ಷಣ ಅವನ ಎಡದವಡೆ ಪೂರ್ತಿ ಖಾಲಿ. ಇದನ್ನು ನೋಡುವುದು ಕಷ್ಟವಲ್ಲ, ಬಳಸಿಕೊಳ್ಳುವುದು ಕಷ್ಟ. ಕೈ ಇಳಿಯಬೇಕಾದರೆ ಮೊದಲು ಆ ಜ್ಯಾಬ್ ಬರಬೇಕು, ಮತ್ತು ಲೂಯಿಸ್‌ನ ಜ್ಯಾಬ್ ಅಂದರೆ ಬೇರೆಯವರ ಪೂರ್ತಿ ಪಂಚ್‌ನಷ್ಟು ಜೋರು, ಅದನ್ನು ಮುಖಕ್ಕೆ ತಗೊಂಡೇ ಮೇಲಿಂದ ಬಲಗೈ ಹಾಕಬೇಕು. ಶ್ಮೆಲಿಂಗ್ ಸ್ವಲ್ಪ ಹಿಂದಕ್ಕೆ ವಾಲಿ, ಗಲ್ಲವನ್ನು ಎಡ ಭುಜದ ಹಿಂದೆ ಇಟ್ಟುಕೊಂಡು ಕಾದ. ಅವನ ಒಂದು ಕಣ್ಣು ಊದಿಕೊಳ್ಳುತ್ತಾ ಹೋಯಿತು. ನಾಲ್ಕನೇ ರೌಂಡ್‌ನಲ್ಲಿ ಬಲಗೈ ಸರಿಯಾಗಿ ಬಿತ್ತು, ಲೂಯಿಸ್ ನೆಲಕ್ಕೆ ಹೋದ. ಅಲ್ಲಿಂದ ಹನ್ನೆರಡನೇ ರೌಂಡ್‌ನ ನಾಕೌಟ್ ತನಕ ಅದೇ ಏಟು ಬೀಳುತ್ತಲೇ ಇತ್ತು.

ಎರಡು ವರ್ಷದ ನಂತರ, 1938ರಲ್ಲಿ, ಅದೇ ಸ್ಟೇಡಿಯಂನಲ್ಲಿ ಲೂಯಿಸ್ 124 ಸೆಕೆಂಡ್‌ನಲ್ಲಿ ಅವನನ್ನು ಮುಗಿಸಿದ. ಅದನ್ನು ಸುಮ್ನೆ ಕೋಪದ ಗೆಲುವು ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಕಾದು ಹೊಡೆಯುವವನಿಗೆ ಜಾಗ ಬೇಕು, ಸಮಯ ಬೇಕು. ಗಂಟೆ ಹೊಡೆದ ಕೂಡಲೇ ಮೇಲೆ ಬಿದ್ದು ಲೂಯಿಸ್ ಎರಡನ್ನೂ ಕಿತ್ತುಕೊಂಡ.

ನನಗೆ ಇದಕ್ಕಿಂತಲೂ ಇಷ್ಟವಾದದ್ದು 1973ರ ಮಾರ್ಚ್ 31ರ ಪಂದ್ಯ, ಸ್ಯಾನ್ ಡಿಯಾಗೊದಲ್ಲಿ ಮುಹಮ್ಮದ್ ಅಲಿ ಮತ್ತು ಕೆನ್ ನಾರ್ಟನ್. ಇಲ್ಲಿ ತಲೆ ಓಡಿಸಿದ್ದು ನಾರ್ಟನ್‌ನ ಕೋಚ್ ಎಡ್ಡಿ ಫಚ್. ಅಲಿಯ ಜ್ಯಾಬ್‌ನಿಂದ ತಪ್ಪಿಸಿಕೊಳ್ಳಲು ಎಲ್ಲರೂ ಹಿಂದೆ ಸರಿಯುತ್ತಿದ್ದರು ಅಥವಾ ತಲೆ ಬಗ್ಗಿಸುತ್ತಿದ್ದರು, ಅಲಿಗೆ ಬೇಕಿದ್ದದ್ದೂ ಅದೇ. ಫಚ್ ಹೇಳಿದ್ದು ಉಲ್ಟಾ: ಅವನು ಜ್ಯಾಬ್ ಹೊಡೆದಾಗ ನೀನೂ ಅದೇ ಹೊತ್ತಿಗೆ ಜ್ಯಾಬ್ ಹೊಡಿ. ಅಲಿ ಜ್ಯಾಬ್ ಹೊಡೆಯುವಾಗ ಅವನ ಬಲಗೈ ಮುಖದ ಮುಂದೆ ಇರುತ್ತಿರಲಿಲ್ಲ, ಪಕ್ಕಕ್ಕೆ ಹೋಗಿರುತ್ತಿತ್ತು. ತಲೆ ಹಿಂದಕ್ಕೆ ಎಳೆದುಕೊಂಡು ತಪ್ಪಿಸಿಕೊಳ್ಳುವುದು ಅವನ ದೊಡ್ಡ ವಿದ್ಯೆ, ಆದರೆ ಮೈಭಾರ ಮುಂದಕ್ಕೆ ಬರುತ್ತಿರುವಾಗ ಅದು ಆಗುವುದಿಲ್ಲ ಅಲ್ವಾ? ನಾರ್ಟನ್‌ನ ಬಲಗೈ ಗಲ್ಲದ ಹತ್ತಿರವೇ ಇತ್ತು, ಹಾಗಾಗಿ ಒಂದೇ ಕ್ಷಣದಲ್ಲಿ ಅಲಿಯ ಜ್ಯಾಬ್ ಗ್ಲೌಸ್‌ಗೆ ತಗುಲುತ್ತಿತ್ತು, ನಾರ್ಟನ್‌ನದು ಮೂಗಿನ ಮೇಲೆ ಕೂರುತ್ತಿತ್ತು. ಹೀಗೆ ಹೆಜ್ಜೆ ಹೆಜ್ಜೆಗೂ ಹಗ್ಗದ ಕಡೆ ತಳ್ಳಿ, ಅಲ್ಲಿ ಹೊಟ್ಟೆ ಪಕ್ಕೆಗೆ ಹೊಡೆಯುವುದು ಉಳಿದ ಅರ್ಧ ಕೆಲಸ. ಹನ್ನೆರಡು ರೌಂಡ್ ಮುಗಿದಾಗ ಅಲಿಯ ದವಡೆ ಮುರಿದಿತ್ತು. ಯಾವ ರೌಂಡ್‌ನಲ್ಲಿ ಅನ್ನುವುದಕ್ಕೆ ಎರಡು ಕಡೆಯವರೂ ಬೇರೆ ಬೇರೆ ಹೇಳುತ್ತಾರೆ. ತೀರ್ಪು ನಾರ್ಟನ್ ಪರ ಬಂತು. ಇಬ್ಬರೂ ಇನ್ನೆರಡು ಸಲ ಎದುರಾದರು, ಮೂರೂ ಪಂದ್ಯ ಸೇರಿ ಒಟ್ಟು 39 ರೌಂಡ್ ಆಡಿದರು. ಆಮೇಲಿನ ಎರಡರಲ್ಲೂ ತೀರ್ಪು ಅಲಿ ಕಡೆಗೇ ಹೋಯಿತು, ಆದರೆ ಈ ಒಗಟನ್ನು ಅವನು ಪೂರ್ತಿ ಬಿಡಿಸಿದ ಅಂತ ನನಗೆ ಯಾವತ್ತೂ ಅನಿಸಿಲ್ಲ.

ಇದೇ ನಾರ್ಟನ್ 1974ರಲ್ಲಿ ಕರಾಕಸ್‌ನಲ್ಲಿ ಆಗಿನ ಚಾಂಪಿಯನ್ ಜಾರ್ಜ್ ಫೋರ್‌ಮನ್ ಎದುರು ಎರಡೇ ರೌಂಡ್‌ಗೆ ಸೋತುಹೋದ. ನಾರ್ಟನ್ ಆಟ ನಡೆಯುವುದು ಮುಂದೆ ಹೆಜ್ಜೆ ಇಟ್ಟಾಗ ಮಾತ್ರ, ಫೋರ್‌ಮನ್ ಅವನನ್ನು ಹಿಂದೆ ನಡೆಸಿದ, ಅಷ್ಟೇ.

ಹಾಗಾದರೆ ಫೋರ್‌ಮನ್ ಎದುರು ಹಿಂದೆ ನಡೆಯುವುದು ಹೇಗೆ? ಇದನ್ನು ಕೇಳುವವರಿಗೆ ನಾನು 1974ರಲ್ಲಿ ಅಲಿ ಫೋರ್‌ಮನ್‌ನನ್ನು ಸೋಲಿಸಿದ ಕಿನ್ಶಾಸಾ ಪಂದ್ಯ ತೋರಿಸುವುದಿಲ್ಲ. ಹಗ್ಗಕ್ಕೆ ಒರಗಿ ಏಟು ತಿಂದು ಗೆಲ್ಲುವುದು ಅಲಿಯ ಮೈಗೆ ಆಗುವಂಥದ್ದು, ಬೆಳೆಯುವ ಹುಡುಗರಿಗೆ ಅದು ಅಪಾಯ. ನಾನು ತೋರಿಸುವುದು 1977ರ ಮಾರ್ಚ್ 17ರಂದು ಪೋರ್ಟೊರಿಕೊದ ಸ್ಯಾನ್ ವಾನ್‌ನಲ್ಲಿ ಫೋರ್‌ಮನ್ ಎದುರು ಜಿಮ್ಮಿ ಯಂಗ್ ಆಡಿದ ಆಟ. ಯಂಗ್‌ಗೆ ದೊಡ್ಡ ಪಂಚ್ ಇರಲಿಲ್ಲ. ನೇರ ಹಿಂದಕ್ಕೆ ಹೋಗದೆ ಪಕ್ಕಕ್ಕೆ ಜಾರುತ್ತಿದ್ದ, ಹತ್ತಿರ ಬಂದರೆ ಅಪ್ಪಿ ಹಿಡಿಯುತ್ತಿದ್ದ, ಫೋರ್‌ಮನ್‌ನ ದೊಡ್ಡ ಏಟುಗಳು ಗಾಳಿಗೆ ಹೋಗುವ ಹಾಗೆ ಮಾಡಿ ಸಣ್ಣ ಸಣ್ಣ ಏಟು ಹಾಕುತ್ತಿದ್ದ. ಏಳನೇ ರೌಂಡ್‌ನಲ್ಲಿ ಫೋರ್‌ಮನ್‌ನ ಏಟು ಬಿದ್ದೇ ಬಿತ್ತು, ಯಂಗ್ ತತ್ತರಿಸಿಹೋದ. ಆ ರೌಂಡ್ ಅವನು ಹೇಗೆ ದಾಟಿದ ಅನ್ನುವುದನ್ನು ಎರಡು ಸಲ ನೋಡಿ, ಎರಡನೇ ಸಲ ಅವನ ಕಾಲು ಮಾತ್ರ ನೋಡಿ. ಸುಸ್ತಾಗಿ ಹೋಗಿದ್ದ ಫೋರ್‌ಮನ್‌ನನ್ನು ಹನ್ನೆರಡನೇ ರೌಂಡ್‌ನಲ್ಲಿ ಕೆಳಗೆ ಬೀಳಿಸಿದ್ದು, ಪಂಚ್ ಇಲ್ಲ ಅನಿಸಿಕೊಂಡಿದ್ದ ಇದೇ ಯಂಗ್. ಫೋರ್‌ಮನ್ ಆಮೇಲೆ ಹತ್ತು ವರ್ಷ ರಿಂಗ್ ಹತ್ತಲಿಲ್ಲ.